ತೋಪು ಎಳೆದವರು

ಬೆಂಗಳೂರು ದಂಡಿನಲ್ಲಿ ಅದೊಂದು ಫಿರಂಗಿ ತೋಪಿನ ಪಟಾಲಮ್ಮು. ಸಂಬಳದ ಸಿಪಾಯಿಗಳದ್ದಲ್ಲ, ಶೋಕಿಯದ್ದು. ಬ್ಯಾಂಕಿನ ದೊರೆ, ರೈಲಿನ ದೊರೆ, ಬ್ರಾಂದಿ ಅಂಗಡಿಯ ದೊರೆ, ಇಂಥವರು ಭಾನುವಾರ ಖಾಕಿ ತೊಟ್ಟು ಎರಡು ತೋಪುಗಳ ಸುತ್ತ ಮೀಸೆ ತಿರುವಿಕೊಂಡು ನಿಲ್ಲುತ್ತಿದ್ದರು. ಅವರ ಅಪ್ಪಂದಿರ ಕಾಲದಲ್ಲಿ ಕಟ್ಟಿದ ಪಟಾಲಮ್ಮಂತೆ. ಅಂದಿನಿಂದ ಹಾರಿಸಿದ ಗುಂಡೆಲ್ಲ ರಾಜರಾಣಿಯರ ಹುಟ್ಟುಹಬ್ಬಕ್ಕೆ, ಇಲ್ಲವೇ ಮೈಸೂರು ದಾರಿಯ ಕ್ಲೋಸ್‌ಪೇಟೆಯ ಬಂಡೆಗಳಿಗೆ. ವರ್ಷಕ್ಕೊಮ್ಮೆ ರೈಲಿನಲ್ಲಿ ಬಂದಿಳಿದು ಬಂಡೆಗೆ ಗುರಿಯಿಟ್ಟು ಹೊಡೆಯುತ್ತಿದ್ದರು. ಬಂಡೆ ಹಾಗೇ ಇರುತ್ತಿತ್ತು. ಹದ್ದುಗಳು ಮಾತ್ರ ಎದ್ದು ಒಂದು ಸುತ್ತು ಹಾಕಿ ಮತ್ತೆ ಕೂರುತ್ತಿದ್ದವು. ಸ್ಟೇಷನ್ನಿನಿಂದ ಬಂಡೆಯ ಬುಡದವರೆಗೆ ತೋಪು ಎಳೆಯುತ್ತಿದ್ದದ್ದು ಪಕ್ಕದ ಊರು ಕೂಟಗಲ್ಲಿನ ಅಣ್ಣತಮ್ಮಂದಿರಾದ ಬೋರಲಿಂಗಯ್ಯ, ದಾಸಪ್ಪರ ಎತ್ತುಗಳು.

ಜರ್ಮನ್ ಯುದ್ಧ ಬಂತು. ಪಟಾಲಮ್ಮು ಹಡಗು ಹತ್ತಿ ಆಫ್ರಿಕಾಕ್ಕೆ ಹೋಯಿತು. ಎತ್ತು ಹೊಡೆಯಲು ಅಣ್ಣತಮ್ಮಂದಿರೂ ಹೋದರು. ತಿರುಗಿ ಬಂದವನು ದಾಸಪ್ಪ ಒಬ್ಬನೇ, ದೊರೆ ಕೊಟ್ಟ ಬೆಳ್ಳಿ ಬಿಲ್ಲೆಯೊಂದನ್ನು ಎದೆಗೆ ಚುಚ್ಚಿಕೊಂಡು. ಅತ್ತಿಗೆ ಕೆಂಚಮ್ಮನ ಮುಂದೆ ಕೂತು ಅವನು ಹೇಳಿದ್ದು ಇಷ್ಟು. ಅಲ್ಲಿ ಒಂದು ಜಾತಿಯ ನೊಣ. ಅದು ಕಚ್ಚಿ ಎತ್ತೆಲ್ಲ ಸತ್ತವು. ಆಮೇಲೆ ಎತ್ತಿನ ಹಗ್ಗವನ್ನೇ ಆಳುಗಳ ಹೆಗಲಿಗೆ ಕಟ್ಟಿದರು. ಜಡಿಮಳೆ, ಮೊಣಕಾಲುದ್ದ ಕೆಸರು. ಬೋರಲಿಂಗಯ್ಯ ಚಕ್ರದ ಪಕ್ಕದ ಹಗ್ಗದಲ್ಲಿದ್ದ. ಇಳಿಜಾರಿನಲ್ಲಿ ಕಾಲು ಜಾರಿ ಬಿದ್ದ. ತೋಪು ನಿಲ್ಲಲಿಲ್ಲ.

ಯುದ್ಧ ಮುಗಿದ ಮೇಲೆ ಪಟಾಲಮ್ಮಿನ ಕ್ಯಾಪ್ಟನ್ ದೊರೆ ತಮ್ಮ ತೋಪುಗಳ ಯುದ್ಧಚರಿತ್ರೆ ಬರೆದು ಅಚ್ಚು ಹಾಕಿಸಿದ. ಕ್ಲಬ್ಬಿನ ಹಜಾರದಲ್ಲಿಡಲು ತೋಪಿನದೊಂದು ಮರದ ಮಾದರಿಯೂ ಬೇಕೆನಿಸಿತು. ಚನ್ನಪಟ್ಟಣದ ವರ್ತಕ ಮಲ್ಲಿಕಾರ್ಜುನಯ್ಯ ಆ ಆರ್ಡರು ಹಿಡಿದು, ಬೊಂಬೆ ಕಡೆಯುವ ಜಬ್ಬಾರನಿಗೆ ಒಪ್ಪಿಸಿ, ತೋಪು ಹೇಗಿತ್ತೆಂದು ಹೇಳಲು ದಾಸಪ್ಪನಿಗೆ ಕರೆ ಕಳಿಸಿದ. ಕೆಂಚಮ್ಮನೂ ಸೆರಗು ಕಟ್ಟಿಕೊಂಡು ಜೊತೆಗೆ ಹೊರಟಳು.

ಜಬ್ಬಾರನ ಅಂಗಡಿಯಲ್ಲಿ ಅರಗಿನ ವಾಸನೆ. ಮಲ್ಲಿಕಾರ್ಜುನಯ್ಯನಿಗೆ ತನ್ನ ಇಂಗ್ಲಿಷಿನ ಮೇಲೆ ಬಲು ಅಭಿಮಾನ. ಕನ್ನಡಕ ಏರಿಸಿ ದೊರೆಯ ಪುಸ್ತಕದ ಅರ್ಥ ಹೇಳತೊಡಗಿದ.

"ಕೇಳಿ. 'ಎತ್ತುಗಳು ರೋಗದಿಂದ ತೀರಿಕೊಂಡರೂ ನಮ್ಮ ತೋಪುಗಳು ಒಂದು ದಿನವೂ ಹಿಂದುಳಿಯಲಿಲ್ಲ.' ಆಹಾ!"

"ಎತ್ತಿಲ್ದೆ ಹೆಂಗ್ ನಡೆದ್ವು ಬುದ್ದಿ?" ಎಂದಳು ಕೆಂಚಮ್ಮ. "ಅವ್ಕೇನು ಕಾಲಿದ್ವಾ?"

"ಇಂಗ್ಲಿಷಿನಲ್ಲಿ ಹಾಗೇ ಬರೆಯೋದು ಕಣಮ್ಮ."

"ಸತ್ತೋರ ಹೆಸ್ರು ಐತಾ?"

"ಇಲ್ಲದೆ ಏನು! ಇಬ್ಬರು ದೊರೆಗಳು. ಒಬ್ಬರು ಜ್ವರ ಬಂದು, ಇನ್ನೊಬ್ಬರು ಕುದುರೆಯಿಂದ ಬಿದ್ದು. ಆಮೇಲೆ ಜಿಮ್ಮಿ."

"ಅದ್ಯಾರು?"

"ಕ್ಯಾಪ್ಟನ್ನರ ನಾಯಿ. ಮೊಸಳೆ ತಿಂತಂತೆ, ಪಾಪ."

ಜಬ್ಬಾರ್ ಫಕ್ಕನೆ ನಕ್ಕವನು ಕೆಂಚಮ್ಮನ ಮುಖ ನೋಡಿ ಬಾಯಿ ಮುಚ್ಚಿಕೊಂಡ. ಮಲ್ಲಿಕಾರ್ಜುನಯ್ಯ ಅತ್ತ ಹೋಗುವುದನ್ನೇ ಕಾದಿದ್ದು ಅವಳು ಹೇಳಿದಳು:

"ಎತ್ತು ಮಾಡ್ಬ್ಯಾಡ ಕಣಪ್ಪ. ಹಗ್ಗ ಕಟ್ಕಂಡಿರೋ ಆಳ್ಗಳ್ನ ಮಾಡು."

"ಅರೆ ಅಮ್ಮಾ, ಆರ್ಡರು ಎತ್ತಿಗೆ ಐತೆ! ಮಲ್ಲಿಕಾರ್ಜುನಯ್ಯ ಸೇಠು ನನ್ನ ಚರ್ಮ ಸುಲೀತಾರೆ."

"ಎಳ್ದೋರು ನಾವೇ ಭಾಯ್," ಎಂದ ದಾಸಪ್ಪ. "ದೊರೆ ಕಣ್ಣಾರೆ ಕಂಡವ್ನೆ. ಕೇಳುದ್ರೆ ನಾನ್ ಯೋಳ್ತೀನಿ."

"ಯೋಳ್ತೀಯೇನ್ಲಾ ದಾಸ?" ಕೆಂಚಮ್ಮ ಅವನ ಮುಖವನ್ನೇ ನೋಡಿದಳು. "ದೊರೆ ಮುಂದೆ ನಿಂತ್ಕಂಡು?"

"ಅಣ್ಣನಾಣೆ ಅತ್ತಿಗೆ. ಬಿಲ್ಲೆ ಕೊಟ್ಟೋನು ಮಾತು ಕೇಳಾಕಿಲ್ವಾ?"

ಜಬ್ಬಾರ್ ಗೊಣಗುತ್ತಲೇ ಹಾಲೆಮರದ ತುಂಡು ತೆಗೆದ. ಕಡೆಯುವ ಚಕ್ರಕ್ಕೆ ಕೊಟ್ಟು ತೆಗೆದ ಆಳುಗಳೆಲ್ಲ ಗುಂಡು ತಲೆ, ಗುಂಡು ಮೈ, ಒಬ್ಬನಂತೆ ಇನ್ನೊಬ್ಬ. ಕೆಂಚಮ್ಮ ಒಂದೊಂದನ್ನೇ ಎತ್ತಿ ತಿರುಗಿಸಿ ನೋಡಿದಳು.

"ಇದ್ರಾಗೆ ನನ್ ಗಂಡ ಯಾವನಪ್ಪ? ಅವ್ನ ಎಡಭುಜ ಒಸಿ ಇಳ್ದಿತ್ತು."

"ಚಕ್ರ ಭುಜ ಮಾಡಲ್ಲಮ್ಮ," ಎಂದರೂ ಜಬ್ಬಾರ್ ಉಳಿ ಹಿಡಿದು ಒಬ್ಬನ ಎಡಭುಜ ಸವರಿ ಇಳಿಸಿದ. ಕೆಂಚಮ್ಮ ಆ ಬೊಂಬೆಯನ್ನು ತೋಪಿನ ಚಕ್ರದ ಪಕ್ಕದ ಹಗ್ಗದಲ್ಲಿ ತಾನೇ ನಿಲ್ಲಿಸಿದಳು.

ಕ್ಯಾಪ್ಟನ್ ದೊರೆ ಮೈಸೂರಿಗೆ ಹೋಗುವ ದಾರಿಯಲ್ಲಿ ಮೋಟಾರು ನಿಲ್ಲಿಸಿ ಅಂಗಡಿಗೆ ಬಂದ. ಕೆಂಚಮ್ಮ, ದಾಸಪ್ಪ ಬೆಳಿಗ್ಗೆಯಿಂದ ಕಾದಿದ್ದರು. ಮಲ್ಲಿಕಾರ್ಜುನಯ್ಯ ಮಾದರಿಯ ಮೇಲಿನ ಬಟ್ಟೆ ಸರಿಸಿದವನು ತಾನೇ ಬೆಚ್ಚಿದ. ಅವನೂ ಅದನ್ನು ನೋಡುತ್ತಿದ್ದದ್ದು ಅದೇ ಮೊದಲು.

ದೊರೆಯ ಮುಖ ಹುಳಿ ಮಜ್ಜಿಗೆ ಕುಡಿದಂತಾಯಿತು. "ಇದೇನು, ಗುಲಾಮರ ಮೆರವಣಿಗೆಯೇ?" ಎಂದು ಹಿಂದೂಸ್ತಾನಿಯಲ್ಲಿ ಗುಡುಗಿದ.

"ನಂದಲ್ಲ ಸ್ವಾಮಿ, ನಂದಲ್ಲ! ಈ ದಾಸಪ್ಪ ಹೇಳಿ ಮಾಡಿಸಿದ್ದು," ಎಂದು ಮಲ್ಲಿಕಾರ್ಜುನಯ್ಯ ಅವನತ್ತ ಬೆರಳು ತೋರಿಸಿ ಜಬ್ಬಾರನ ಹಿಂದೆ ಸರಿದ.

ದೊರೆ ದಾಸಪ್ಪನ ಎದೆಯ ಬಿಲ್ಲೆ ನೋಡಿದ. ಮುಗುಳ್ನಕ್ಕ. ಮಗುವನ್ನು ಮಾತಾಡಿಸುವಂತೆ ಕೇಳಿದ: "ದಾಸಪ್ಪಾ, ನಮ್ಮ ತೋಪು ಎಳೆದದ್ದು ಯಾರು? ಎತ್ತುಗಳಲ್ಲವೇ?"

ದಾಸಪ್ಪನ ಹಿಮ್ಮಡಿಗಳು ತಾವಾಗಿ ಕೂಡಿಕೊಂಡವು. ಕೈ ಹಣೆಗೆ ಹೋಯಿತು. ಅತ್ತಿಗೆ ಬಾಗಿಲಲ್ಲೇ ನಿಂತಿದ್ದಳು.

"ಹೌದು ಹುಜೂರ್. ಎತ್ತು, ಹುಜೂರ್."

"ಶಾಬಾಸ್!" ದೊರೆ ಅವನ ಬೆನ್ನು ತಟ್ಟಿ ಸಿಗರೇಟಿನ ಡಬ್ಬಿ ಕೈಗಿಟ್ಟ. ಎತ್ತು ಹೂಡಿದ ಮಾದರಿ ತಿಂಗಳೊಳಗೆ ಬರಲಿ ಎಂದು ಅಪ್ಪಣೆಯಾಯಿತು. ಆಳುಗಳನ್ನು ಮಾದರಿಯಿಂದ ಕೀಳಿಸಿ ಬೆರಳಲ್ಲಿ ತಳ್ಳಿ ನೋಡಿದ. ಒಂದು ಬಿದ್ದು ಉರುಳಿತು. ಅವನಿಗೆ ಖುಷಿಯಾಯಿತು. ಸಾಲಾಗಿ ನಿಲ್ಲಿಸಿ ಚೆಂಡಲ್ಲಿ ಹೊಡೆದುರುಳಿಸಲು ಮಕ್ಕಳಿಗೆ ಚೆನ್ನಾಗಿರುತ್ತದೆ, ಕಟ್ಟಿಕೊಡಿ ಎಂದ. ಮಲ್ಲಿಕಾರ್ಜುನಯ್ಯ ಹಲ್ಲು ಕಿರಿಯುತ್ತ ಎಲ್ಲವನ್ನೂ ಚೀಲಕ್ಕೆ ತುಂಬಿದ. ಭುಜ ಇಳಿದವನೂ ತಲೆಕೆಳಗಾಗಿ ಅದರೊಳಗೆ ಹೋದ. ಕೆಂಚಮ್ಮ ಬೀದಿಗಿಳಿದು ಥೂ ಎಂದು ಉಗಿದು ಸ್ಟೇಷನ್ನಿನತ್ತ ನಡೆದಳು.

ಸಂಜೆ ಮನೆಯಲ್ಲಿ ದಾಸಪ್ಪ ಕೈಕಾಲು ತೊಳೆದು ಊಟಕ್ಕೆ ಕೂತ.

"ದೊರೆ ಮುಂದೆ ಎದುರು ಮಾತಾಡಾಕಾಯ್ತದಾ ಅತ್ತಿಗೆ? ಬಾಯಿಗೆ ಬರ್ನಿಲ್ಲ. ಕಚೇರೀಲಿ ಜವಾನನ ಕೆಲ್ಸಕ್ಕೆ ಒಂದ್ ಮಾತು ಹೇಳುದ್ರೆ ನಮ್ಗೇ ತಾನೆ..."

"ತೋಪು ಎಳ್ದಿದ್ದು ಏನ್ಲಾ?"

ಅವನು ಖಾಲಿ ತಟ್ಟೆಯನ್ನು ಹತ್ತಿರ ಎಳೆದುಕೊಂಡ.

"ಎತ್ತು ಅಂದ್ಯಲ್ಲ. ಎಳ್ದೋರಲ್ಲಿ ನೀನೂ ಒಬ್ಬ ತಾನೆ?"

ಕೆಂಚಮ್ಮ ಕೊಟ್ಟಿಗೆಯ ಎತ್ತುಗಳಿಗೆಂದು ಕಲಗಚ್ಚಿಗೆ ಬೂಸಾ ಕಲೆಸಿದ್ದ ಬಾನಿಯನ್ನು ಎರಡೂ ಕೈಲಿ ಎತ್ತಿ ತಂದು ಅವನ ಮುಂದೆ ಕುಕ್ಕಿದಳು. ಅದರ ಹುಳಿನಾತ ಮೂಗಿಗೆ ಅಡರಿತು. ಅವನಿಗೆಂದು ತೊಳಸಿದ್ದ ಬಿಸಿ ಮುದ್ದೆಯನ್ನು ಎತ್ತಿಕೊಂಡು ಕೊಟ್ಟಿಗೆಗೆ ಹೋಗಿ, ಮುರಿದು ಮುರಿದು ಎತ್ತುಗಳ ಬಾಯಿಗೆ ಕೊಟ್ಟಳು.

"ಅತ್ತಿಗೆ..." ಎಂದ ದಾಸಪ್ಪ ಒಳಗಿನಿಂದ.

"ತಿನ್ನು," ಎಂದಳು ಅವಳು, ಎತ್ತಿನ ಕೊರಳ ಗಂಗೆದೊಗಲು ಸವರುತ್ತ. "ಸಾಲ್ದಿದ್ರೆ ಕೇಳು. ಹಿಂಡೀನೂ ಐತೆ."