ಏಕಾಂತಪ್ಪನ ತೋಟದ ರಕ್ತಪಿಶಾಚಿ

ಹೂವಿನಹಡಗಲಿಯ ಆಚೆ ಏಕಾಂತಪ್ಪನ ಮಲ್ಲಿಗೆ ತೋಟದಲ್ಲಿ ರಕ್ತ ಹೀರುವ ಪಿಶಾಚಿ ಇದೆಯೆಂಬ ಸುದ್ದಿ ಹಬ್ಬಿತ್ತು. ಹಬ್ಬಿಸಿದವನು ಏಕಾಂತಪ್ಪನೇ. ನಿವೃತ್ತ ಲೆಕ್ಕದ ಟೀಚರ್ ನಾಗಲಿಂಗಮ್ಮ ಮಕ್ಕಳ ತಪ್ಪು ಲೆಕ್ಕಗಳನ್ನು ಮೂವತ್ತು ವರ್ಷ ಸಹಿಸಿದ್ದರು. ಬೆಳೆದ ಗಂಡಸಿನ ಈ ಪೆದ್ದುತನ ಮಾತ್ರ ಅವರಿಗೆ ಸಹಿಸಲಾಗಲಿಲ್ಲ. ಅದರ ಪೆಟ್ಟು ತಿಂದವಳು ಅವರ ಪಕ್ಕದ ಮನೆಯ ತಬಸ್ಸುಮ್.

ತಬಸ್ಸುಮ್ ಆ ತೋಟದಲ್ಲಿ ಮೊಗ್ಗು ಬಿಡಿಸುವ ಕೆಲಸಕ್ಕೆ ಹೊಸದಾಗಿ ಸೇರಿದ್ದಳು. ಅವಳ ಕತ್ತಿನ ಮೇಲೆ ಎರಡು ಕೆಂಪು ಗುರುತು ಕಂಡದ್ದೇ ತಡ, ಪಿಶಾಚಿ ಕಚ್ಚಿದೆ, ಇನ್ನು ಇವಳೂ ಪಿಶಾಚಿಯೇ ಎಂದು ಏಕಾಂತಪ್ಪ ಅವಳನ್ನು ಗೇಟಿನ ಹೊರಗೆ ನಿಲ್ಲಿಸಿದ್ದ. ತೋಟದಲ್ಲಿ ಒಬ್ಬೊಬ್ಬರಿಗೆ ಒಂದೊಂದು ಸಾಲು. ಮೂರು ದಿನ ಬಾರದವರ ಸಾಲು ಬೇರೆಯವರಿಗೆ. ಇದು ಮೂರನೆಯ ದಿನ.

ಬೆಳಿಗ್ಗೆ ನಾಗಲಿಂಗಮ್ಮ ಅವಳ ಕೈ ಹಿಡಿದುಕೊಂಡೇ ತೋಟಕ್ಕೆ ಹೋದರು.

“ಅಕ್ಕೋರೇ, ನೀವು ಒಳಗ ಬರ್ರಿ. ಆಕಿ ಬ್ಯಾಡ,” ಎಂದ ಏಕಾಂತಪ್ಪ. ಅವನೂ ಅವರ ಹತ್ತಿರ ಲೆಕ್ಕ ಕಲಿತವನು. ಕಲಿಯಲಿಲ್ಲ ಎನ್ನುವುದೇ ಸರಿ.

“ನಿನ್ನ ಪಿಶಾಚಿ ಎಷ್ಟು ದಿನಕ್ಕೊಮ್ಮೆ ಕಚ್ಚತೈತಿ?”

“ದಿನಾ ಒಬ್ಬರನ್ನ.”

ನಾಗಲಿಂಗಮ್ಮ ಗೇಟಿನ ಪಕ್ಕದ ಕಟ್ಟೆಯ ಮೇಲೆ ಕೂತು ಮೊಗ್ಗು ತುಂಬಿದ್ದ ಮೊರವನ್ನು ಎಳೆದುಕೊಂಡರು. ಒಂದು ಮೊಗ್ಗು ಎತ್ತಿ ಕಟ್ಟೆಯ ಮೇಲೆ ಇಟ್ಟರು. “ಇದು ನಿನ್ನ ಪಿಶಾಚಿ. ಒಬ್ಬರನ್ನ ಕಚ್ತು, ಎರಡಾದ್ವು. ಮರುದಿನ ಎರಡೂ ಕಚ್ಚಿದ್ವು, ನಾಕು. ಆಮ್ಯಾಲೆ ಎಂಟು, ಹದಿನಾರು...” ಅರವತ್ತನಾಲ್ಕಕ್ಕೆ ಕೈ ನಿಲ್ಲಿಸಿದರು. “ಹದಿನೆಂಟನೇ ದಿನಕ್ಕ ಎರಡು ಲಕ್ಷ ಅರವತ್ತು ಸಾವಿರ ದಾಟ್ತಾವ. ತಾಲೂಕಿನ ಜನ ಎರಡು ಲಕ್ಷ ಅಂತ ಇಟ್ಕೋ. ಎಲ್ಲಾರೂ ಪಿಶಾಚಿ ಆದ್ರ ನಿನ್ನ ಹೂವು ಮುಡಿಯೋರ್ಯಾರು?”

ಸಾಲುಗಳಲ್ಲಿದ್ದ ಹೆಂಗಸರು ಕಿಸಕ್ಕೆಂದರು.

“ದಿನಾ ಅಂದ್ರ ದಿನಾ ಅಲ್ರಿ. ವರ್ಷಕ್ಕೊಮ್ಮೆ ಇರಬೇಕು. ಆದ್ರ ಸುಳ್ಳಲ್ರಿ, ನಮ್ಮಜ್ಜನ ಕಾಲದಿಂದ್ಲೂ ಐತಿ! ಅರವತ್ತು ವರ್ಷಾತು!”

“ಹಂಗಾರ ಹದಿನೆಂಟನೇ ವರ್ಷಕ್ಕ ತಾಲೂಕು ಖಾಲಿ. ನಿಮ್ಮಪ್ಪ ಪಿಶಾಚಿ, ನೀನೂ ಪಿಶಾಚಿ. ಎಲ್ಲಿ, ಬಾಯಿ ತಗಿ, ಹಲ್ಲು ನೋಡ್ತೀನಿ.”

ಏಕಾಂತಪ್ಪ ಬಾಯಿ ಬಿಗಿದುಕೊಂಡ. ಆಮೇಲೆ ಬೆರಳು ಚಾಚಿದ. “ಮತ್ತ ಆಕಿ ಕತ್ತಿನ್ಯಾಗಿನ ಗುರುತು?”

ನಾಗಲಿಂಗಮ್ಮ ತಬಸ್ಸುಮ್‌ಳ ಕತ್ತಿನತ್ತ ಬಗ್ಗಿ ನೋಡಿದರು. ಆಗ ಪಕ್ಕದ ಸಾಲಿನಿಂದ ಮಾಲಾ ಎದ್ದು ಬಂದಳು. ಈ ಎರಡು ದಿನವೂ ತನ್ನ ಕೆಲಸ ಮುಗಿಸಿ, ಯಾರಿಗೂ ಹೇಳದೆ, ತಬಸ್ಸುಮ್‌ಳ ಸಾಲಿನ ಗಿಡಗಳಿಗೆ ನೀರು ಬಿಟ್ಟವಳು ಅವಳೇ. ಸೆರಗು ಸರಿಸಿ ಕತ್ತು ತೋರಿಸಿದಳು. ಅಲ್ಲೂ ಎರಡು ಗುರುತು.

“ಮೊಗ್ಗಿನ ಚೀಲ ಕುತ್ತಿಗಿಗೆ ಹಾಕ್ಕೊಂತೀವಲ್ರಿ ಧಣೇರ, ಅದರ ದಾರದ ಎರಡು ಗಂಟು ಒತ್ತಿದ್ದು. ಹೊಸಬರಿಗೆ ಕೆಂಪಗಿರತೈತಿ, ನಮಗ ಕರ್ರಗಾಗ್ಯಾವ. ನೀವು ಒಂದಿನಾ ಚೀಲ ಹಾಕ್ಕೊಂಡಿದ್ರ ಗೊತ್ತಾಗ್ತಿತ್ತು.”

“ಇಷ್ಟು ದಿನ ಬಾಯಿ ಸತ್ತಿತ್ತೇನು?”

“ನಮ್ಮನ್ನ್ಯಾರು ಕೇಳ್ಯಾರ್ರಿ?”

“ಮಾತು ಸಾಕು. ಮೊಗ್ಗು ಅರಳಿದ್ರ ಪ್ಯಾಟಿಗೆ ಹೋಗೋ ಬಸ್ಸಿಗೆ ಏನು ಹಾಕ್ಲಿ?” ಎಂದು ಏಕಾಂತಪ್ಪ ಗೇಟು ತೆರೆದ, ತಾನೇ ದೊಡ್ಡ ಮನಸ್ಸು ಮಾಡಿದವನಂತೆ.

ಮಾಲಾ ಹಳೆಯ ಬಟ್ಟೆಯ ತುಂಡೊಂದನ್ನು ನಾಲ್ಕು ಮಡಿಕೆ ಮಾಡಿ ತಬಸ್ಸುಮ್‌ಳ ಚೀಲದ ದಾರದ ಗಂಟುಗಳ ಕೆಳಗೆ ಇಟ್ಟಳು. ತಬಸ್ಸುಮ್ ತನ್ನ ಸಾಲಿಗೆ ನಡೆದಳು.

ಗೇಟಿನ ಬಳಿ ನಾಗಲಿಂಗಮ್ಮ ಒಮ್ಮೆ ಹಿಂತಿರುಗಿ ನೋಡಿದರು. ಯಾರೂ ನೋಡುತ್ತಿಲ್ಲವೆಂದುಕೊಂಡು ಏಕಾಂತಪ್ಪ ತನ್ನ ಕೋರೆಹಲ್ಲನ್ನು ಬೆರಳಿನಿಂದ ಮುಟ್ಟಿ ನೋಡಿಕೊಳ್ಳುತ್ತಿದ್ದ.