ಬಾಬಿನ್ ಮೈಮೇಲಿನ ಗಂಟು

ಹೊಲಿಗೆ ಯಂತ್ರದ ಕೆಳಗೆ, ಪೆಡಲಿನ ಪಕ್ಕ ಮಲಗಿ ಗೊರಕೆ ಹೊಡೆಯುವುದೇ ದರ್ಜಿಯ ನಾಯಿಯ ಹನ್ನೊಂದು ವರ್ಷದ ಕಸುಬು. ಮರಿಯಾಗಿದ್ದಾಗ ಯಂತ್ರದೊಳಗೆ ದಾರ ಸುತ್ತಿಡುವ ಪುಟ್ಟ ಉರುಳೆಯಂತೆ ಉರುಟುರುಟಾಗಿದ್ದರಿಂದ ಬಾಬಿನ್ ಎಂದು ಹೆಸರು ಬಿದ್ದಿತ್ತು.

ಒಂದು ಬೆಳಿಗ್ಗೆ ಅದರ ಪಕ್ಕೆ ಸವರುವಾಗ ದರ್ಜಿಯ ಬೆರಳಿಗೆ ಗಂಟೊಂದು ಸಿಕ್ಕಿತು. ಹೆಂಡತಿಯ ಹತ್ತಿರ ಬಾಯಿಬಿಡಲಿಲ್ಲ. ಹೇಳಿದರೆ ಅವಳು ಆಸ್ಪತ್ರೆ ಎನ್ನುತ್ತಾಳೆ, ಆಸ್ಪತ್ರೆಯವರು ಕೆಟ್ಟ ರೋಗ ಎನ್ನುತ್ತಾರೆ, ಆಮೇಲೆ ಬಾಬಿನ್ ಮನೆಗೆ ವಾಪಸು ಬರುವುದಿಲ್ಲ. ಅವನ ತಲೆಯೊಳಗೆ ಇಷ್ಟೂ ಆಗಿಹೋಗಿತ್ತು. ದಿನಾ ಅಂಗಡಿ ತೆರೆದ ಕೂಡಲೇ ಟೇಪು ಹಿಡಿದು ಗಂಟನ್ನು ಅಳೆಯುತ್ತಿದ್ದ. ಕಡಲೆಕಾಳಿನಷ್ಟಿದ್ದದ್ದು ಮೂರು ತಿಂಗಳಲ್ಲಿ ನೆಲ್ಲಿಕಾಯಿಯಷ್ಟಾಯಿತು. ಆ ದಿಗಿಲಿನಲ್ಲಿ ಗಿರಾಕಿಯೊಬ್ಬರ ಅಂಗಿಗೆ ಎರಡೂ ಎಡತೋಳನ್ನೇ ಹೊಲಿದುಬಿಟ್ಟ.

ಕೊನೆಗೆ ಕಸುಬಿನದೇ ಒಂದು ಉಪಾಯ ಹೊಳೆಯಿತು. ಕೋಟಿನ ಗುಂಡಿ ಹೊಲಿಯುವ ಗಟ್ಟಿ ದಾರಕ್ಕೆ ಮೇಣ ಸವರಿ ಗಂಟಿನ ಬುಡಕ್ಕೆ ಬಿಗಿದರೆ, ರಕ್ತ ನಿಂತು ತಾನೇ ಉದುರುತ್ತದೆ ಎಂಬ ಲೆಕ್ಕ. ದಾರ ಸುತ್ತುವಷ್ಟರಲ್ಲಿ ನಾದಿನಿ ಬಂದಳು. ಅವಳು ಪ್ರಾಣಿಗಳ ಆಸ್ಪತ್ರೆಯಲ್ಲಿ ಡಾಕ್ಟರಿಗೆ ಸಹಾಯಕಿ.

"ಭಾವ, ಮೊದಲು ಆ ದಾರ ಕೆಳಗಿಡಿ. ಹಾಗೆ ಕಟ್ಟಿದ್ರೆ ಮೇಲಿಂದು ಕೊಳೆಯುತ್ತೆ, ಒಳಗಿಂದು ಒಳಗೇ ಇರುತ್ತೆ."

"ಮೂರು ತಿಂಗಳಿಂದ ನೋಡ್ತಿದೀನಿ, ಬರೀ ಕೊಬ್ಬಿನ ಗಂಟಿರಬೇಕು. ಮೆತ್ತಗಿದೆ."

"ಇರಬಹುದು, ವಯಸ್ಸಾದ ನಾಯಿಗೆ ಬರುತ್ತೆ. ಆದ್ರೆ ಬರೀ ಮುಟ್ಟಿ ಹೇಳೋಕೆ ನಮ್ಮ ಡಾಕ್ಟರಿಗೂ ಆಗಲ್ಲ. ಸಣ್ಣ ಸೂಜಿ ಚುಚ್ಚಿ ಒಂಚೂರು ತೆಗೆದು ಪರೀಕ್ಷೆ ಮಾಡ್ತಾರೆ."

"ಸೂಜಿನಾ?"

"ದಿನಾ ಬೆರಳು ಚುಚ್ಚಿಕೊಳ್ಳೋರು ಕೇಳೋ ಮಾತಾ ಇದು?"

ದರ್ಜಿ ದಾರ ಕೆಳಗಿಟ್ಟ. "ಕೆಟ್ಟದ್ದು ಅಂದ್ಬಿಟ್ರೆ ಏನಮ್ಮ ಮಾಡ್ಲಿ?"

"ಬೇಗ ಗೊತ್ತಾದ್ರೆ ಮಾಡೋಕೆ ಏನಾದ್ರೂ ಇರುತ್ತೆ. ನಿಮಗೆ ಭಯ ಅಂತ ಅದು ಬೆಳೆಯೋದು ನಿಲ್ಸುತ್ತಾ?"

ಒಳಗಿಂದ ಎಲ್ಲ ಕೇಳಿಸಿಕೊಂಡಿದ್ದ ಹೆಂಡತಿ ಬಾಬಿನ್‌ನ ಬೆಲ್ಟು ಹಿಡಿದು ಬಂದಳು. "ಮೂರು ತಿಂಗಳು ಒಬ್ರೇ ಹೆದರ್ಕೊಂಡು ಕೂತಿದ್ರಾ? ನಡೀರಿ."

ಆಸ್ಪತ್ರೆಯಲ್ಲಿ ಡಾಕ್ಟರು ಬಾಬಿನ್‌ನ ಕಿವಿಯಿಂದ ಶುರುಮಾಡಿ ಬಾಲದವರೆಗೆ ನಿಧಾನವಾಗಿ ಕೈಯಾಡಿಸಿದರು. ಹಿಂಗಾಲಿನ ಸಂದಿಯಲ್ಲಿ ಕೈ ನಿಂತಿತು.

"ಇದು ಯಾವಾಗಿನಿಂದ ಇದೆ?"

ಕೆಂಪಗೆ, ಹೆಸರುಕಾಳಿನಷ್ಟು ಸಣ್ಣ ಇನ್ನೊಂದು ಗಂಟು. ದರ್ಜಿಗೆ ಗೊತ್ತೇ ಇರಲಿಲ್ಲ. ಅವನ ಟೇಪು ಪಕ್ಕೆ ಬಿಟ್ಟು ಆಚೆ ಹೋಗಿರಲಿಲ್ಲ.

ಎರಡರಿಂದಲೂ ಸೂಜಿಯಲ್ಲಿ ಒಂಚೂರು ತೆಗೆದರು. ಬಾಬಿನ್ ಕುಂಯ್ ಎನ್ನಲೂ ಇಲ್ಲ. ಮೂರು ದಿನದ ಮೇಲೆ ವರದಿ ಬಂತು. ನೆಲ್ಲಿಕಾಯಿಯಂಥದ್ದು ಬರೀ ಕೊಬ್ಬು. ಕೆಂಪು ಕಾಳೇ ಕೆಟ್ಟದ್ದು, ಕ್ಯಾನ್ಸರ್. ಇನ್ನೂ ಚಿಕ್ಕದಿದ್ದುದರಿಂದ ಸುತ್ತಲಿನ ಚರ್ಮದ ಸಮೇತ ಪೂರ್ತಿ ತೆಗೆಯಲು ಸಾಧ್ಯವಾಯಿತು. ಅವತ್ತು ನಾದಿನಿ ಬಾರದೆ ಇದ್ದಿದ್ದರೆ ಎಂದು ನೆನೆದಾಗಲೆಲ್ಲ ದರ್ಜಿ ಟೇಪು ಬದಿಗಿಟ್ಟು ಬಾಬಿನ್‌ನ ಮೈಯೆಲ್ಲ ಸವರಿ ನೋಡುತ್ತಾನೆ.

ನಿಮ್ಮ ಮನೆಯಲ್ಲೂ ವಯಸ್ಸಾದ ನಾಯಿ ಇದೆಯೇ? ತಿಂಗಳಿಗೊಮ್ಮೆ ಕಂಕುಳು, ತೊಡೆಸಂದಿ ಬಿಡದೆ ಅದರ ಮೈಯೆಲ್ಲ ಸವರಿ ನೋಡಿ. ಹೊಸ ಗಂಟು ಸಿಕ್ಕರೆ ಜಾಗ, ಗಾತ್ರ, ತಾರೀಖು ಬರೆದಿಟ್ಟು ಡಾಕ್ಟರಿಗೆ ತೋರಿಸಿ. ಹಿಂಡಬೇಡಿ, ಕಟ್ಟಬೇಡಿ, ಮುಲಾಮು ಹಚ್ಚಿ ಕಾಯುತ್ತ ಕೂರಬೇಡಿ. ಬೇಗ ಬೆಳೆಯುತ್ತಿದ್ದರೆ, ರಕ್ತ ಬಂದರೆ, ನಾಯಿ ಅದನ್ನೇ ನೆಕ್ಕುತ್ತಿದ್ದರೆ ಅಂದೇ ಹೊರಡಿ. ಭಯವಾಗುತ್ತದೆ, ನಿಜ. ಆದರೆ ತನ್ನ ಮೈಯಲ್ಲಿ ಏನಾಗುತ್ತಿದೆ ಎಂದು ಹೇಳಿಕೊಳ್ಳಲು ಅದಕ್ಕೆ ಮಾತಿಲ್ಲ. ಇವತ್ತೇ ಪಕ್ಕದಲ್ಲಿ ಕೂರಿಸಿಕೊಂಡು ಒಮ್ಮೆ ಕೈಯಾಡಿಸಿ.