ಜಯಾಳ ಮಂಗಳವಾರದ ಕ್ಲಾಸು

‘ಒಂದೂವರೆ’ ಎಂದು ಒತ್ತಿದ್ದನ್ನು ಅಳಿಸಿ ಮೈತ್ರೇಯಿ ಮೊಬೈಲಿನಲ್ಲಿ ‘ಎರಡೂವರೆ’ ಎಂದು ಒತ್ತಿದಳು. ಅಪ್ಪ ನರಸಿಂಹಮೂರ್ತಿ ಅವಳ ಹೆಗಲ ಮೇಲಿಂದ ಬಗ್ಗಿ ನೋಡುತ್ತಿದ್ದರು.

“ಕಳ್ಸು.”

“ಅಪ್ಪಾ, ಅಮ್ಮ ಕೇಳಿದ್ದು ಅದೊಂದೇ. ‘ನಾನು ಹೋದ್ಮೇಲೆ ಕ್ಲಾಸಿನವರನ್ನ ಕರಿ’ ಅಂತ. ಐ ಪ್ರಾಮಿಸ್ಡ್.”

“ಕರೀತಾ ಇದೀಯಲ್ಲ. ಕ್ರೆಮಟೋರಿಯಮ್ಮಲ್ಲಿ ಒಬ್ಬೊಬ್ರಿಗೆ ಒಂದು ಗಂಟೆ. ಅವರು ಬರೋ ಹೊತ್ತಿಗೆ ನಮ್ಮದು ಮುಗಿದಿರತ್ತೆ, ಅಷ್ಟೇ. ಬಾಗಿಲಲ್ಲಿ ಕುಣೀಬಹುದಾ ಅಂತ ಕೇಳಿದಾರೆ ಕಣೆ! ಆಸ್ಪತ್ರೆಯಿಂದ ನನ್ನ ಇಡೀ ಡಿಪಾರ್ಟ್‌ಮೆಂಟ್ ಬರ್ತಿದೆ.”

ಅವಳು ಕಳಿಸಿದಳು. ಉತ್ತರ ತಕ್ಷಣ ಬಂತು. ಥ್ಯಾಂಕ್ಯೂ ಡಾರ್ಲಿಂಗ್, ಏಳೂ ಜನ ಬರುತ್ತೇವೆ, ಶಾಂಟೆಲ್.

*

ಹಿಂದಿನ ವರ್ಷ, ೨೦೦೬ರಲ್ಲಿ, ಮೈತ್ರೇಯಿಯ ಅಮ್ಮ ಜಯಾ ಲಂಡನ್ನಿನ ಕ್ರೋಯ್ಡನ್ನಿನ ಕೌನ್ಸಿಲ್ ಸೆಂಟರಿಗೆ ಯೋಗ ಕಲಿಯಲು ಹೋಗಿದ್ದರು. ಯೋಗ ಭರ್ತಿಯಾಗಿತ್ತು. ಮಂಗಳವಾರ ಸಂಜೆ ಜಾಗವಿದ್ದದ್ದು ಕ್ರಂಪ್ ಎಂಬ ಬೀದಿ ನೃತ್ಯದಲ್ಲಿ ಮಾತ್ರ. ಹತ್ತೊಂಬತ್ತು ವರ್ಷ ಜಿಪಿ ಡಾಕ್ಟರ ಕ್ಲಿನಿಕ್ಕಿನ ರಿಸೆಪ್ಷನ್ನಿನಲ್ಲಿ ಕೂತು ಕಾಯಿಲೆಯವರಿಂದ ಬೈಸಿಕೊಂಡ ಹೆಂಗಸು, ಬರಿಗೈಯಲ್ಲಿ ವಾಪಸು ಬರಲು ಸಂಕೋಚಪಟ್ಟು ಹೆಸರು ಕೊಟ್ಟರು.

ಹಗಲು ಬಸ್ಸು ಓಡಿಸುವ ಶಾಂಟೆಲ್ ಅಲ್ಲಿ ಕಲಿಸುತ್ತಿದ್ದಳು. ಮೊದಲಿಗೆ ಮೂರೇ ಪಾಠ. ನೆಲ ಅದುರುವಂತೆ ಕಾಲು ಬಡಿಯುವುದು, ಒಳಗಿನಿಂದ ಯಾರೋ ಗುದ್ದಿದಂತೆ ಎದೆ ಚಿಮ್ಮಿಸುವುದು, ಏನನ್ನೋ ಕಿತ್ತೆಸೆಯುವಂತೆ ತೋಳು ಬೀಸುವುದು. ಎದೆಯ ಪಾಠ ಬರಲು ಜಯಾರಿಗೆ ಹನ್ನೊಂದು ವಾರ ಹಿಡಿಯಿತು. ಬಂದ ದಿನ ಕ್ಲಾಸಿನವರೆಲ್ಲ ಸುತ್ತ ನಿಂತು ಕೂಗಿದರು.

“ನಂಗೋಸ್ಕರ ಕೂಗಿದ್ರು ಕಣೆ!” ಎಂದರು ಮಗಳಿಗೆ, ಶೂ ಬಿಚ್ಚುವ ಮೊದಲೇ.

ದೀಪಾವಳಿಯ ಊಟಕ್ಕೆ ಜನ ಸೇರಿದ್ದಾಗ ನರಸಿಂಹಮೂರ್ತಿ ಸೋಫಾ ಪಕ್ಕಕ್ಕೆಳೆದರು. “ಜಯಾ, ನಿನ್ನ ಡ್ಯಾನ್ಸ್ ತೋರ್ಸು. ಎಲ್ಲರೂ ನೋಡ್ಲಿ.”

ಜಯಾ ನಂಬಿದರು. ಸೆರಗು ಸಿಕ್ಕಿಸಿ ಮೂರನ್ನೂ ಮಾಡಿದರು, ಕ್ಲಾಸಿನಲ್ಲಿ ಮಾಡುವಷ್ಟೇ ಜೋರಾಗಿ.

“ಫಿಟ್ಸ್ ಬಂದಿದೆ, ಯಾರಾದ್ರೂ ಡಾಕ್ಟರ್ ಇದೀರಾ?” ಎಂದರು ನರಸಿಂಹಮೂರ್ತಿ.

ಕೋಣೆಯಲ್ಲಿ ಆರು ಜನ ಡಾಕ್ಟರಿದ್ದರು. ನಗು ನಿಲ್ಲಲು ಬಹಳ ಹೊತ್ತು ಬೇಕಾಯಿತು. ಮೈತ್ರೇಯಿಯೂ ನಕ್ಕಳು. ಜಯಾ ಕೋಸಂಬರಿ ಬಡಿಸಲು ಹೋದರು. ಮುಂದಿನ ಮಂಗಳವಾರವೂ ಕ್ಲಾಸಿಗೆ ಹೋದರು, ಮನೆಯಲ್ಲಿ ಅದರ ಮಾತೆತ್ತಲಿಲ್ಲ. ಯುಗಾದಿ ಹೊತ್ತಿಗೆ ಕ್ಯಾನ್ಸರ್ ಎಂದು ಗೊತ್ತಾಯಿತು.

*

“ಈಚೆಗೆ ಭರತನಾಟ್ಯ ಕಲೀತಿದ್ಲು,” ಎಂದು ನರಸಿಂಹಮೂರ್ತಿ ಕ್ರೆಮಟೋರಿಯಮ್ಮಿನ ಮೈಕಿನಲ್ಲಿ ಹೇಳಿದರು.

ಎರಡನೆಯ ಸಾಲಿನಲ್ಲಿದ್ದ ಧಾರವಾಡದ ಡಾಕ್ಟರ್ ಉಮಾಶಂಕರ, ಪಕ್ಕದ ವೈದೇಹಿಯ ಕಡೆ ಬಾಗಿದರು. “ಭರತನಾಟ್ಯ? ಹಂಗಾರ ದೀಪಾವಳಿಗೆ ನಾವು ನೋಡಿದ್ದು ಏನ್ರೀ?”

“ಅಯ್ಯೋ ಸುಮ್ನಿರಿ, ಇಲ್ಲೂ ನಗಿಸ್ಬೇಡಿ.”

ವೈದೇಹಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಭುಜ ಕುಲುಕುತ್ತಿತ್ತು. ಹಿಂದೆ ಕೂತಿದ್ದ ಇಂಗ್ಲಿಷ್ ನರ್ಸೊಬ್ಬಳು ಪಾಪ ಎನಿಸಿ ಅವರ ಬೆನ್ನು ಸವರಿದಳು. ಮೈತ್ರೇಯಿಗೆ ಎಲ್ಲವೂ ಕೇಳಿಸಿತು. ತಿರುಗಿ ನೋಡಲಿಲ್ಲ.

ಎರಡು ಗಂಟೆಗೆ ಸಿಬ್ಬಂದಿ ಹೊರಹೋಗುವ ಪಕ್ಕದ ಬಾಗಿಲು ತೆರೆದರು. ಹೊರಗೆ ಕೈ ಕುಲುಕುವುದು ಮುಗಿದು ಅಪ್ಪ ಮಗಳು ಕಾರು ಹತ್ತುವಷ್ಟರಲ್ಲಿ ಎರಡೂವರೆಯವರ ಶವದ ಗಾಡಿ ಬಂದು ದಾರಿಗೆ ಅಡ್ಡ ನಿಂತಿತ್ತು. ಯಾರೋ ಗುಜರಾತಿಗಳು. ಶವಪೆಟ್ಟಿಗೆ ಇಳಿಸುತ್ತಿದ್ದರು. ಬಿಳಿ ಸೀರೆಯ ಹೆಂಗಸರ ಹಿಂದೆ ಇಸ್ತ್ರಿ ಮಾಡಿದ ಕಪ್ಪು ಬಟ್ಟೆಯ ಏಳು ಜನ ಬಂದು ಸೇರಿಕೊಂಡರು. ಎಲ್ಲರಿಗಿಂತ ಮುಂದೆ ಶಾಂಟೆಲ್.

“ಅಪ್ಪಾ, ದೇ ಥಿಂಕ್ ಇಟ್ಸ್ ಅಮ್ಮ.”

“ಗಾಜು ಏರ್ಸು. ಚಳಿ.”

“ಒಂದೇ ನಿಮಿಷ, ನಾನು ಹೋಗಿ...”

“ಹೋಗಿ ಏನ್ ಹೇಳ್ತೀಯ? ಟೈಮು ಕಳಿಸಿದ್ದು ಯಾರು ಅಂತ ಹೇಳ್ತೀಯಾ?”

ಮೈತ್ರೇಯಿ ಗಾಜು ಏರಿಸಿದಳು.

ಗುಜರಾತಿ ಮನೆಯ ಮುದುಕರೊಬ್ಬರು ಆ ಏಳು ಜನರಿಗೂ ಕೈ ಮುಗಿದು, ತಮ್ಮವರನ್ನು ಸರಿಸಿ, ಜಾಗ ಬಿಡಿಸಿಕೊಟ್ಟರು. ಶಾಂಟೆಲ್ ಪೆಟ್ಟಿಗೆಯ ಮೇಲೆ ಅಂಗೈಯಿಟ್ಟು, ಬಗ್ಗಿ, ಒಳಗಿದ್ದವರಿಗೆ ಏನೋ ಹೇಳತೊಡಗಿದಳು.